ಗಿಗಾಹರ್ಟ್ಸ್ ಹೇಳದ ಸಂಗತಿ

ಮೇಜಿನ ಮೇಲಿರುವ ಎರಡು ಕಂಪ್ಯೂಟರ್‌ಗಳಲ್ಲಿ ಒಂದೇ ವಿಡಿಯೋವನ್ನು ಏಕಕಾಲಕ್ಕೆ ಪರಿವರ್ತನೆಗೆ ಹಾಕಿ, ಇಂದು ಸುಮ್ಮನೆ ನೋಡುತ್ತ ಕುಳಿತಿದ್ದೆ. ಒಂದರಲ್ಲಿರುವುದು 2011ರ ಇಂಟೆಲ್ ಕೋರ್ ಐ7-2600 ಎಂಬ ಪ್ರೊಸೆಸರ್ ಚಿಪ್, ಇನ್ನೊಂದರಲ್ಲಿ 2022ರ ಕೋರ್ ಐ3-12100. ಎರಡಕ್ಕೂ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಎಂಟು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ); ಮೂಲ ವೇಗದಲ್ಲಂತೂ (ಒಂದು ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ ನೂರು ಕೋಟಿ ಮಿಡಿತ) 3.4 ಗಿಗಾಹರ್ಟ್ಸ್‌ನ ಹಳೆಯದೇ 3.3ರ ಹೊಸದಕ್ಕಿಂತ ಕೂದಲೆಳೆಯಷ್ಟು ಮುಂದು. ಆದರೂ ಹಳೆಯದರ ಫ್ಯಾನ್ ಭೋರೆಂದು ಸದ್ದು ಮಾಡುತ್ತ ಅರ್ಧ ದಾರಿ ಸವೆಸುವಷ್ಟರಲ್ಲಿ ಹೊಸದು ಕೆಲಸ ಮುಗಿಸಿ ತಣ್ಣಗೆ ಕುಳಿತಿತ್ತು.

ಹೊಸದು ಟರ್ಬೊದಲ್ಲಿ, ಎಂದರೆ ಕೆಲಸದ ಒತ್ತಡ ಬಿದ್ದಾಗ ತಾನಾಗಿ ವೇಗ ಏರಿಸಿಕೊಂಡಾಗ, 4.3 ಗಿಗಾಹರ್ಟ್ಸ್‌ವರೆಗೆ ಏರುತ್ತದೆ, ಹಳೆಯದು 3.8ಕ್ಕೇ ನಿಲ್ಲುತ್ತದೆ ಎಂಬುದು ನಿಜ. ಆದರೆ ಅಷ್ಟರಿಂದಲೇ ಇಷ್ಟು ಅಂತರ ಬರುವುದಿಲ್ಲ. ಕ್ಲಾಕಿನ ಪ್ರತಿ ಮಿಡಿತದಲ್ಲಿ ಹೆಚ್ಚು ಆದೇಶಗಳನ್ನು ಪೂರೈಸುವ ವಿನ್ಯಾಸ, ಪ್ರೋಗ್ರಾಮು ಮುಂದೆ ಯಾವ ಕವಲು ಹಿಡಿಯುತ್ತದೆಂದು ಹೆಚ್ಚು ಸರಿಯಾಗಿ ಊಹಿಸುವ ಜಾಣ್ಮೆ, 8ರಿಂದ 12 ಎಂಬಿಗೆ ಬೆಳೆದ ಕ್ಯಾಶ್ (ಚಿಪ್ಪಿನೊಳಗಿನ ಚಿಕ್ಕ, ವೇಗದ ಮೆಮೊರಿ), ವೇಗವಾದ ಮೆಮೊರಿ ಇವೆಲ್ಲ ಸೇರಿಯೇ ಈ ವ್ಯತ್ಯಾಸ ಮೂಡಿದೆ. ಗಿಗಾಹರ್ಟ್ಸ್ ಒಂದನ್ನೇ ನೋಡಿದರೆ 2004ರಲ್ಲೇ ಇಂಟೆಲ್‌ನ ಇನ್ನೂ ಹಳೆಯ ಚಿಪ್ ಪೆಂಟಿಯಮ್ 4 ಕೂಡ 3.8 ಗಿಗಾಹರ್ಟ್ಸ್ ಮುಟ್ಟಿತ್ತು! ಇನ್ನು ವಿದ್ಯುತ್ತಿನ ಲೆಕ್ಕದಲ್ಲಿ ಮೂಲ ವೇಗಕ್ಕೆ ಇಂಟೆಲ್ ಕೊಟ್ಟಿರುವ ಅಂಕಿ ಹಳೆಯದಕ್ಕೆ 95 ವ್ಯಾಟ್, ಹೊಸದಕ್ಕೆ 60.

ವಿಂಡೋಸ್ 11 ಈ ಹಳೆಯ ಚಿಪ್ಪನ್ನು ಅಧಿಕೃತವಾಗಿ ಒಪ್ಪುವುದಿಲ್ಲವಾದರೂ, ಎಸ್‌ಎಸ್‌ಡಿ (ವೇಗದ ಸಂಗ್ರಹ ಸಾಧನ) ಹಾಕಿದ ಮೇಲೆ ಪತ್ರ ಟೈಪಿಸುವಾಗ ಯಾವ ಯಂತ್ರದ ಮುಂದೆ ಕುಳಿತಿದ್ದೇನೆಂಬುದೇ ನನಗೆ ಮರೆತುಹೋಗುತ್ತದೆ. ಈ ಬರಹವನ್ನೂ ಹಳೆಯದರಲ್ಲೇ ಟೈಪಿಸಿದ್ದೇನೆ. ಪರದೆಯ ಪಕ್ಕದಲ್ಲಿ ಅದರ ವಿಡಿಯೋ ಈಗಷ್ಟೇ ಮುಗಿಯಿತು.