ಚಿಯಾ, ಚಕ್ಕಾ, ಅವ್ವನ ಬಟ್ಟಲು

ಏಪ್ರಿಲ್‌ನಲ್ಲಿ ಬೈಲಹೊಂಗಲದ ಮನೆಯ ಬಚ್ಚಲಲ್ಲಿ ಅವ್ವ ಕಾಲು ಜಾರಿ ಬಿದ್ದಳು. ತೊಡೆಯ ಎಲುಬು ಮುರಿಯಿತು. ಆಪರೇಷನ್ ಆದ ಮೇಲೆ ಬೆಳಗಾವಿಗೆ, ಟಿಳಕವಾಡಿಯ ನಮ್ಮ ಮನೆಗೇ ಕರೆದುಕೊಂಡು ಬಂದೆವು.

ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಎರಡೇ ಮಾತು. ದಿನಾ ವಾಕರ್ ಹಿಡಿಸಿ ನಡೆಸಿ, ಊಟದಲ್ಲಿ ಪ್ರೋಟೀನ್ ಜಾಸ್ತಿ ಮಾಡಿ. ಅವ್ವನ ತೂಕ 52 ಕೆಜಿ. ಗಾಯ ಮಾಯುವ ಹೊತ್ತು, ದಿನಕ್ಕೆ 60 ಗ್ರಾಂ ಹತ್ತಿರ ಹೋಗಬೇಕು ಎಂದರು. ಅವ್ವ ತಿನ್ನುತ್ತಿದ್ದದ್ದು ಅರ್ಧ ರೊಟ್ಟಿ, ಎರಡು ಚಮಚ ಬೇಳೆ. ತತ್ತಿ ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ತಮ್ಮ ಪ್ರೋಟೀನ್ ಪುಡಿಯ ಡಬ್ಬಿ ತಂದುಕೊಟ್ಟ. ಒಂದು ಗುಟುಕು ಕುಡಿದು ಅವ್ವ ಲೋಟ ಬದಿಗಿಟ್ಟಳು. "ವಾಸನಿ ಬರತೈತಿ, ನಾ ಒಲ್ಲೆವಾ." ತಟ್ಟೆಯಲ್ಲಿ ಉಳಿದ ಊಟ ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು.

ಆಫೀಸಿನಲ್ಲಿ ಗೆಳತಿಯೊಬ್ಬಳು ಡಬ್ಬಿಯಲ್ಲಿ ಚಿಯಾ ಪುಡಿಂಗ್ ತರುತ್ತಿದ್ದಳು. ಹಾಲಿಗೆ ಎರಡು ಚಮಚ ಬೀಜ ಹಾಕಿ ರಾತ್ರಿ ಫ್ರಿಜ್‌ನಲ್ಲಿಡು, ಬೆಳಗ್ಗೆ ರೆಡಿ, ಅಂದಳು. ಮೆತ್ತಗೆ, ತಣ್ಣಗೆ, ಅಗಿಯುವ ತ್ರಾಸಿಲ್ಲ. ಅವ್ವನಿಗೆ ಇದೇ ಸರಿ ಅನಿಸಿತು. ಆವತ್ತೇ ಬೀಜ ತಂದೆ.

ಬೆಳಗ್ಗೆ ತೆಗೆದು ನೋಡಿದರೆ ಮೇಲೆ ತೆಳು ಹಾಲು, ತಳದಲ್ಲಿ ಒಂದು ಗಡ್ಡೆ. ಚಮಚದಿಂದ ಗಡ್ಡೆ ಒಡೆದೆ. ಹೊರಗೆಲ್ಲ ಲೋಳೆ, ನಡುವೆ ಬೀಜ ಒಣಗಿದ್ದು ಒಣಗಿದ ಹಾಗೇ ಇದೆ! ಒಮ್ಮೆಲೇ ಸುರಿದು ಬಿಟ್ಟಿದ್ದೆ. ಹೊರಗಿನ ಬೀಜಗಳು ನೀರು ಹೀರಿ ಅಂಟಿಕೊಂಡಿದ್ದವು, ಒಳಗಿನವಕ್ಕೆ ಹಾಲು ತಲುಪಿರಲಿಲ್ಲ. ಇಂಥ ಒಣ ಬೀಜ ವಯಸ್ಸಾದವರ ಗಂಟಲಲ್ಲಿ ಉಬ್ಬಿದರೆ ಅಪಾಯ. ಅದನ್ನು ಅವ್ವನಿಗೆ ಕೊಡಲಿಲ್ಲ.

ಆ ರಾತ್ರಿ ಪೆನ್ನು ಹಿಡಿದು ಲೆಕ್ಕ ಹಾಕುತ್ತಾ ಕೂತೆ. 100 ಗ್ರಾಂ ಚಿಯಾದಲ್ಲಿ ಪ್ರೋಟೀನ್ 17 ಗ್ರಾಂ. ಆದರೆ 100 ಗ್ರಾಂ ಯಾರು ತಿನ್ನುತ್ತಾರೆ? ಎರಡು ದೊಡ್ಡ ಚಮಚ ಅಂದರೆ 25 ಗ್ರಾಂ ಬೀಜ. ಅದರಲ್ಲಿ ಬರುವುದು ಬರೀ 4 ಗ್ರಾಂ. ನಮ್ಮ ಶೇಂಗಾದಲ್ಲೇ 100 ಗ್ರಾಂಗೆ 25 ಗ್ರಾಂ ಇದೆ! ಚಿಯಾ ಹಾಕಿದ ಮಾತ್ರಕ್ಕೆ ಪ್ರೋಟೀನ್ ಜಾಸ್ತಿ ಆಗುವುದಿಲ್ಲ. ಅದು ಹಾಲನ್ನು ಗಟ್ಟಿ ಮಾಡುತ್ತದೆ, ನಾರು ಕೊಡುತ್ತದೆ. ನಾರು ಅವ್ವನಿಗೆ ಬೇಕೇ ಬೇಕಿತ್ತು, ಮಲಗಿದಲ್ಲೇ ಇರುವವರಿಗೆ ಹೊಟ್ಟೆ ಕಟ್ಟುವುದು ದೊಡ್ಡ ತ್ರಾಸು. ಪ್ರೋಟೀನ್ ಮಾತ್ರ ಬೇರೆ ಕಡೆಯಿಂದ ಬರಬೇಕಿತ್ತು.

ಆಗ ನೆನಪಾಯಿತು ಚಕ್ಕಾ. ಬೆಳಗಾವಿಯವರಿಗೆ ಚಕ್ಕಾ ಅಂದರೆ ಬಿಡಿಸಿ ಹೇಳಬೇಕಿಲ್ಲ. ಯುಗಾದಿ ಬಂತೆಂದರೆ ಶ್ರೀಖಂಡಕ್ಕೆ ಕಟ್ಟುವ ಮೊಸರಿನ ಗಂಟು ಅದು. ನೀರು ಇಳಿದು ಹೋದಷ್ಟೂ ಪ್ರೋಟೀನ್ ಒತ್ತಾಗಿ ಉಳಿಯುತ್ತದೆ. ಅರ್ಧ ಲೀಟರ್ ಗಟ್ಟಿ ಹಾಲಿಗೆ ಹೆಪ್ಪು ಹಾಕಿದೆ. ಮೊಸರನ್ನು ತೆಳು ಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿಟ್ಟು, ಕೆಳಗೆ ಪಾತ್ರೆ ಇಟ್ಟು ಫ್ರಿಜ್‌ನಲ್ಲಿ ಐದು ತಾಸು ಬಿಟ್ಟೆ. ಮೊದಲೆಲ್ಲ ನಲ್ಲಿಗೆ ನೇತು ಹಾಕುತ್ತಿದ್ದೆವು, ಏಪ್ರಿಲ್ ಬಿಸಿಲಿಗೆ ಹಾಗೆ ಮಾಡಿದರೆ ಹುಳಿಯಾಗಿ ಬಿಡುತ್ತದೆ. ಕೆಳಗೆ ಇಳಿದ ನೀರನ್ನು ಚೆಲ್ಲಬೇಡಿ, ಅದರಲ್ಲೂ ಪ್ರೋಟೀನ್ ಇದೆ. ನಾನು ಚಪಾತಿ ಹಿಟ್ಟು ಅದರಲ್ಲೇ ನಾದುತ್ತೇನೆ.

ಈ ಸಲ ಅವ್ವನ ಮಂಚದ ಪಕ್ಕದಲ್ಲೇ ಎಲ್ಲ ಇಟ್ಟುಕೊಂಡು ಕೂತೆ. ಅವ್ವ ಬೀಜ ಅಂಗೈಗೆ ಹಾಕಿಕೊಂಡು ನೋಡಿದಳು.

"ಕಾಮಕಸ್ತೂರಿ ಏನವಾ?"

ಅಲ್ಲ, ಕಾಮಕಸ್ತೂರಿ ಪೂರಾ ಕಪ್ಪು, ನೀರಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಉಬ್ಬುತ್ತದೆ, ಚಿಯಾ ನೋಡು ಬೂದು, ಮೈಮೇಲೆ ಚುಕ್ಕಿ, ನೆನೆಯಲು ಹೊತ್ತು ಬೇಕು ಎಂದೆ.

"ಎಲ್ಲಿ ಬೆಳೀತಾರ ಇದನ್ನ?"

ಒಕ್ಕಲುತನದ ಮನೆಯವಳು, ಆ ಪ್ರಶ್ನೆ ಕೇಳದೆ ಬಿಡುವಳೇ? ಮೂಲ ಮೆಕ್ಸಿಕೊ ಕಡೆಯದು, ಈಗ ನಮ್ಮ ಮೈಸೂರು ಕಡೆ ಎಚ್.ಡಿ.ಕೋಟೆಯ ರೈತರೂ ಬೆಳೆಯುತ್ತಾರೆ ಎಂದೆ. ಬಿದ್ದ ಮೇಲೆ ಅವ್ವ ಒಂದು ವಿಷಯ ಇಷ್ಟು ಆಸೆಯಿಂದ ಕೇಳಿದ್ದು ಅದೇ ಮೊದಲು.

ಕಾಯಿಸಿ ಆರಿಸಿದ ಹಾಲು 150 ಮಿಲಿ, ಚಿಯಾ ಎರಡು ದೊಡ್ಡ ಚಮಚ. ಒಂದು ಕೈಯಿಂದ ಬೀಜ ಉದುರಿಸುತ್ತಾ, ಇನ್ನೊಂದರಿಂದ ತಿರುವಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ತಿರುವಿದೆ. ಎರಡನೆಯ ಸಲ ತಿರುವುವುದರಲ್ಲೇ ಎಲ್ಲ ಇದೆ. ಆ ಹೊತ್ತಿಗೆ ಬೀಜದ ಸುತ್ತ ತೆಳು ಪೊರೆ ಬಂದಿರುತ್ತದೆ, ಚಮಚಕ್ಕೆ ಸ್ವಲ್ಪ ಭಾರ ಸಿಗುತ್ತದೆ. ಅಲ್ಲಲ್ಲಿ ಕೂಡಿಕೊಂಡ ಸಣ್ಣ ಗಂಟುಗಳನ್ನು ಆಗಲೇ ಪಾತ್ರೆಯ ಬದಿಗೆ ಒತ್ತಿ ಒಡೆಯಬೇಕು. ಆಮೇಲೆ ಒಡೆಯುವುದಿಲ್ಲ. ಅಷ್ಟಾದ ಮೇಲೆ ರಾತ್ರಿಯಿಡೀ ಫ್ರಿಜ್. ಚಕ್ಕಾ ಬೆರೆಸುವುದು ಬೆಳಗ್ಗೆ. ಮೊದಲೇ ಹಾಕಿದರೆ ಬೀಜಕ್ಕೆ ಹೀರಲು ನೀರೇ ಸಾಲುವುದಿಲ್ಲ.

ಹಾಲು ಬಿಸಿ ಇದ್ದಾಗಲೇ ಬೆಲ್ಲ ಹಾಕಲು ಹೋಗಿದ್ದೆ. ಅವ್ವ ಕೈ ಹಿಡಿದಳು. "ಬಿಸಿ ಹಾಲಿಗೆ ಬ್ಯಾಡ, ಒಡೀತೈತಿ. ಕಡೀಕ ಹಾಕು." ಹಾಗಾಗಿ ಬೆಳಗ್ಗೆ 100 ಗ್ರಾಂ ಚಕ್ಕಾ, ಹುರಿದು ಸಿಪ್ಪೆ ತೆಗೆದು ಕುಟ್ಟಿದ ಶೇಂಗಾ ಪುಡಿ 15 ಗ್ರಾಂ, ಬೆಲ್ಲದ ಪುಡಿ, ಏಲಕ್ಕಿ ಎಲ್ಲ ಒಟ್ಟಿಗೆ ಸೇರಿಸಿ ಮೆತ್ತಗೆ ಕಲಸಿದೆ. ಚಿಯಾದ 4, ಹಾಲಿನ 5, ಚಕ್ಕಾದ 7-8, ಶೇಂಗಾದ 4. ಕೂಡಿದರೆ 20 ಗ್ರಾಂ. ಅದನ್ನೇ ಎರಡು ಬಟ್ಟಲಿಗೆ ಹಂಚಿದೆ. ಒಂದು ಹನ್ನೊಂದು ಗಂಟೆಗೆ, ಇನ್ನೊಂದು ಸಂಜೆಗೆ. ಒಮ್ಮೆಲೇ ಕೊಟ್ಟರೆ ಅವ್ವನಿಗೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ.

ಮೊದಲ ಚಮಚ ಬಾಯಿಗಿಟ್ಟು ಅವ್ವ ಸುಮ್ನೆ ಕೂತಳು. ನನಗೆ ಎದೆ ಢವಢವ. ಆಮೇಲೆ ಎರಡನೆಯ ಚಮಚ, ಮೂರನೆಯದು.

"ಶ್ರೀಖಂಡ ಇದ್ದಂಗ ಐತಿ. ಏಲಕ್ಕಿ ಇನ್ನೊಂದೀಟು ಬೇಕಿತ್ತು."

ಬಟ್ಟಲು ಖಾಲಿ! ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡೆ.

ಮೊದಲ ವಾರ ಚಿಯಾ ಒಂದೇ ಚಮಚಕ್ಕೆ ಇಳಿಸಿದೆ. ನಾರು ಒಮ್ಮೆಲೇ ಜಾಸ್ತಿಯಾದರೆ ಹೊಟ್ಟೆ ಉಬ್ಬುತ್ತದೆ, ನೀರೂ ಹೆಚ್ಚು ಕುಡಿಸಬೇಕು. ಬೇಳೆ, ಮೊಳಕೆ ಹೆಸರುಕಾಳು, ಮಜ್ಜಿಗೆ ಬಿಡಲಿಲ್ಲ. 60 ಗ್ರಾಂ ಒಂದು ಬಟ್ಟಲಿನಿಂದ ಬರುವುದಿಲ್ಲ, ಅಲ್ವಾ? ಆದರೆ ಬಾಯಿಗೆ ರುಚಿ ತಿರುಗಿದ್ದು ಇದರಿಂದಲೇ. ಆಮೇಲೆ ರೊಟ್ಟಿ ಅರ್ಧ ಇದ್ದದ್ದು ಒಂದಾಯಿತು.

ಜೂನ್‌ನಲ್ಲಿ ಮಳೆ ಹಿಡಿದಿತ್ತು. ಒಂದು ಸಂಜೆ ಆಫೀಸಿನಿಂದ ಬಂದಾಗ ಮಂಚ ಖಾಲಿ ಇತ್ತು. ಗಾಬರಿಯಿಂದ ಒಳಗೆ ಓಡಿದೆ. ಅಡುಗೆಮನೆ ಬಾಗಿಲಲ್ಲಿ ವಾಕರ್. ಅವ್ವ ಕಟ್ಟೆಗೆ ಒರಗಿ ನಿಂತು ಪಾತ್ರೆಯಲ್ಲಿ ಚಮಚ ಆಡಿಸುತ್ತಿದ್ದಳು.

"ಹತ್ತ ನಿಮಿಷ ಆತೇನ ನೋಡವಾ," ಎಂದಳು ನನ್ನ ಕಡೆ ತಿರುಗದೆಯೇ. "ಇನ್ನೊಮ್ಮೆ ತಿರುವಬೇಕು."