ಪರದೆಯ ಮೇಲೆ ಯಾರ ಹಕ್ಕು?

ಇವತ್ತೆಲ್ಲ ದಕ್ಷಿಣ ಕೊರಿಯಾದ ಸಿನಿಮಾದವರ ಹೋರಾಟವೇ ತಲೆಯಲ್ಲಿ ಸುತ್ತುತ್ತಿದೆ. ಚಿತ್ರಮಂದಿರಗಳು ವರ್ಷಕ್ಕೆ 146 ದಿನ ಸ್ವದೇಶಿ ಚಿತ್ರ ತೋರಿಸಲೇಬೇಕು ಅನ್ನುವ ನಿಯಮ ಅಲ್ಲಿತ್ತು. ಅಮೆರಿಕದ ಜೊತೆ ವ್ಯಾಪಾರ ಒಪ್ಪಂದದ ಮಾತುಕತೆ ಶುರುವಾಗಬೇಕಾದರೆ ಅದನ್ನು ಇಳಿಸಿ ಎಂಬ ಒತ್ತಡ ಬಂತು. 2006ರಲ್ಲಿ ಅದು 73 ದಿನಕ್ಕೆ ಇಳಿಯಿತು. ನಟರು, ನಿರ್ದೇಶಕರು ಬೀದಿಗಿಳಿದರು. ಕಾರು, ಔಷಧಿ, ಮಾಂಸದ ಚೌಕಾಸಿಯ ನಡುವೆ ಒಂದು ಜನರ ಕಥೆಗಳೂ ಸರಕಾದವಲ್ಲ ಅಂತ ನನಗೆ ನಿಜಕ್ಕೂ ಸಂಕಟ.

1993ರ ಗ್ಯಾಟ್ (ದೇಶದೇಶಗಳ ನಡುವಿನ ವ್ಯಾಪಾರ ಒಪ್ಪಂದ) ಮಾತುಕತೆಯಲ್ಲಿ ಫ್ರಾನ್ಸ್ ಹಟ ಹಿಡಿದದ್ದೂ ಇದಕ್ಕೇ: ಸಿನಿಮಾ, ಟಿವಿಯನ್ನು ಈ ವ್ಯಾಪಾರದಿಂದ ಹೊರಗಿಡಿ ಅಂತ. ಅಲ್ಲಿ ಪ್ರತಿ ಟಿಕೆಟ್ಟಿನ ಒಂದು ಪಾಲು ಚಿತ್ರೋದ್ಯಮದ ನೆರವಿಗೆ ಹೋಗುತ್ತದೆ, ಹಾಲಿವುಡ್ ಚಿತ್ರದ ಟಿಕೆಟ್ಟಾದರೂ ಸರಿ. ಈ ಏರ್ಪಾಡು ನನಗೆ ತುಂಬಾ ಇಷ್ಟ.

ಆದರೆ ಹಣ ಕೊಡುವ ಸರ್ಕಾರ ಬಾಯಿಯನ್ನೂ ಮುಚ್ಚಿಸಬಹುದು. ಅದೇ ಕೊರಿಯಾದಲ್ಲಿ, ಪಾರ್ಕ್ ಗುನ್-ಹೇ ಅಧ್ಯಕ್ಷರಾಗಿದ್ದಾಗ, ಟೀಕಿಸಿದ ಸಾವಿರಾರು ಕಲಾವಿದರ ಕಪ್ಪುಪಟ್ಟಿ ತಯಾರಾಯಿತು. ಅನುದಾನ ತಪ್ಪಿಸುವುದೇ ಉದ್ದೇಶ. ‘ಪ್ಯಾರಸೈಟ್’ ನಿರ್ದೇಶಕ ಬಾಂಗ್ ಜೂನ್-ಹೋ ಹೆಸರೂ ಅದರಲ್ಲಿತ್ತು! ದೇಶದ ಸಿನಿಮಾಕ್ಕೆ ರಕ್ಷಣೆ ಬೇಕೇ ಬೇಕು. ಆದರೆ ಯಾವ ಚಿತ್ರಕ್ಕೆ ಹಣ ಅನ್ನುವುದನ್ನು ತೀರ್ಮಾನಿಸುವ ಸಮಿತಿಯ ಹತ್ತಿರವೂ ಮಂತ್ರಿಗಳು ಸುಳಿಯಬಾರದು.