ಈ ಸಲ ನೆಲವೇ ಡೊಂಕಾಗಿತ್ತು: ಹಳೆ ಗಿಟಾರ್ ರಿಪೇರಿಯ ದಿನಚರಿ

ದಿನ 1

ಬೀರು ಮೇಲಿಂದ ಗಿಟಾರ್ ಕೆಳಗಿಳಿಯಿತು. ಹನ್ನೊಂದು ವರ್ಷ ಮುಟ್ಟಿರಲಿಲ್ಲ. ಕವರ್‌ನ ಜಿಪ್ ತುಕ್ಕು ಹಿಡಿದು ಅರ್ಧಕ್ಕೇ ನಿಂತಿತು, ಇಕ್ಕಳ ಹಾಕಿ ಎಳೆದೆ. ಒಳಗಿದ್ದದ್ದು ಸ್ಟ್ರಾಟೊಕ್ಯಾಸ್ಟರ್ ಅನ್ನೋ ಹೆಸರಾಂತ ಎಲೆಕ್ಟ್ರಿಕ್ ಗಿಟಾರ್‌ನ ಒಂದು ನಕಲು. ಕಪ್ಪು ಬಣ್ಣ, ತಂತಿಯ ಕಂಪನ ಹಿಡಿಯುವ ಮೂರು ಸಿಂಗಲ್ ಕಾಯಿಲ್ ಪಿಕಪ್, ಗಿಟಾರ್‌ನ ತಲೆ ಅಂದರೆ ಹೆಡ್‌ಸ್ಟಾಕ್ ಮೇಲಿದ್ದ ಹೆಸರು ಎಂದೋ ಅಳಿಸಿಹೋಗಿದೆ. ಆರು ತಂತಿಗಳಲ್ಲಿ ಐದು ಇನ್ನೂ ಬಿಗಿಯಾಗಿಯೇ ಇದ್ದವು. ಅದನ್ನು ನೋಡಿ ಖುಷಿಪಟ್ಟೆ. ಖುಷಿಪಡುವ ವಿಷಯ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ಕಾಲೇಜಿನಲ್ಲಿದ್ದಾಗ ಇದನ್ನು ಮೂರು ವರ್ಷ ನುಡಿಸಿದೆ. ನುಡಿಸಿದೆ ಅನ್ನೋದು ದೊಡ್ಡ ಮಾತು. ಕಾರ್ಡ್ ಅಂದರೆ ಕೆಲವು ಸ್ವರ ಒಟ್ಟಿಗೆ ನುಡಿಸೋದು; ಅದರಲ್ಲಿ ಎಫ್ ಕಾರ್ಡ್‌ವರೆಗೆ ಬಂದು ನಿಂತುಬಿಟ್ಟೆ. ತೋರುಬೆರಳನ್ನು ಮೊದಲ ಫ್ರೆಟ್‌ಗೆ (ಫ್ರೆಟ್ ಅಂದರೆ ಗಿಟಾರ್‌ನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಅಡ್ಡ ಹಾಕಿ ಆರೂ ತಂತಿ ಒತ್ತಬೇಕಲ್ಲ, ಅದು. ಎಷ್ಟು ಒತ್ತಿದರೂ ಎರಡು ತಂತಿ ಸತ್ತ ಸದ್ದು ಮಾಡುತ್ತಿದ್ದವು. ಬೆರಳಲ್ಲಿ ಬಲ ಇಲ್ಲ, ಅಭ್ಯಾಸ ಸಾಲದು ಅಂತ ಎಲ್ಲರೂ ಹೇಳಿದರು. ನಾನೂ ನಂಬಿದೆ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ ಅನ್ನೋ ಗಾದೆ ಕೇಳಿ ಬೆಳೆದವರು ವಾದ್ಯದ ಮೇಲೆ ತಪ್ಪು ಹೊರಿಸೋದು ಹೇಗೆ?

ಇವತ್ತು ಮಾಡಿದ್ದು ಇಷ್ಟೇ: ತಂತಿ ಬಿಚ್ಚಿದ್ದು, ಧೂಳು ಒರೆಸಿದ್ದು, ಹೊಸ ತಂತಿ ಹಾಕಿದ್ದು. 10ರಿಂದ 46ರ ಸೆಟ್. ಅಂದರೆ ಇಂಚನ್ನು ಸಾವಿರ ಪಾಲು ಮಾಡಿದರೆ ಅತಿ ಸಣ್ಣ ತಂತಿಯ ದಪ್ಪ ಅದರಲ್ಲಿ ಹತ್ತು ಪಾಲು, ಅತಿ ದಪ್ಪದ್ದು ನಲವತ್ತಾರು.

ದಿನ 3

ಬಡಗಿ ಹಲಗೆ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೆಕ್‌ನ, ಅಂದರೆ ಗಿಟಾರ್‌ನ ಉದ್ದ ಕತ್ತಿನ, ಅಂಚು ನೋಡಿದೆ. ಬಿಲ್ಲು! ಕಣ್ಣಿಗೇ ಕಾಣುವಷ್ಟು ಬಾಗಿದೆ.

ಅಳೆಯುವ ರೀತಿ ಸುಲಭ. ಆರನೇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡಿಯಬೇಕು. ಆಗ ತಂತಿಯೇ ಸ್ಕೇಲ್ ಆಗುತ್ತದೆ. ನಡುವೆ, ಏಳನೇ ಫ್ರೆಟ್ ಹತ್ತಿರ, ತಂತಿಗೂ ಫ್ರೆಟ್‌ಗೂ ಎಷ್ಟು ಸಂದು ಇದೆ ನೋಡಬೇಕು. ಕಾಲು ಮಿಲಿಮೀಟರ್ ಇದ್ದರೆ ಚೆನ್ನ. ನನ್ನದು ಒಂದು ಮಿಲಿಮೀಟರ್‌ಗೂ ಸ್ವಲ್ಪ ಜಾಸ್ತಿ.

ಕಾರಣ ಗೊತ್ತಿರುವುದೇ. ಈ ದಪ್ಪದ ಆರು ತಂತಿಗಳು ಶ್ರುತಿಯಲ್ಲಿದ್ದಾಗ ನೆಕ್ಕನ್ನು 45 ಕಿಲೋಗೂ ಹೆಚ್ಚು ಬಲದಿಂದ ಎಳೆಯುತ್ತವೆ. ಹನ್ನೊಂದು ವರ್ಷ ಹಗಲೂ ರಾತ್ರಿ ಆ ಎಳೆತ. ಅದನ್ನು ತಡೆಯಲೆಂದೇ ನೆಕ್ ಒಳಗೆ ಟ್ರಸ್ ರಾಡ್ ಅನ್ನೋ ಉಕ್ಕಿನ ಸರಳು ಇರುತ್ತದೆ. ಆಲನ್ ಕೀ ಹಾಕಿ ಬಿಗಿ ಮಾಡಿದರೆ ನೆಕ್ ಹಿಂದಕ್ಕೆ ಬರುತ್ತದೆ. ಕಾಲು ಸುತ್ತು ತಿರುಗಿಸಿದೆ. ಮರ ಕಿರ್ರ್ ಅಂತು. ನನ್ನ ಜೀವವೂ. ಕೀ ಕೆಳಗಿಟ್ಟು ಎದ್ದುಬಿಟ್ಟೆ. ಮರಕ್ಕೆ ಹೊಂದಿಕೊಳ್ಳಲು ಒಂದು ರಾತ್ರಿ ಬೇಕು.

ದಿನ 5

ಇನ್ನೊಂದು ಕಾಲು ಸುತ್ತು, ಆಮೇಲೆ ಅದರ ಅರ್ಧ. ಸಂದು ಈಗ 0.3 ಮಿ.ಮೀ. ಹನ್ನೆರಡನೇ ಫ್ರೆಟ್ ಮೇಲೆ ತಂತಿಯ ಎತ್ತರ, ಅಂದರೆ ಆಕ್ಷನ್, ಮೂರೂವರೆ ಮಿ.ಮೀ. ಇತ್ತು. ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್‌ಗಳನ್ನು ಇಳಿಸಿ 1.8ಕ್ಕೆ ತಂದೆ. ಎಲ್ಲೂ ಝರ್ ಅನ್ನುತ್ತಿಲ್ಲ, ಹದಿನಾಲ್ಕನೇ ಫ್ರೆಟ್ ಒಂದನ್ನು ಬಿಟ್ಟು. ಅದನ್ನು ಆಮೇಲೆ ನೋಡೋಣ.

ದಿನ 8

ಎಫ್ ಕಾರ್ಡ್ ಇನ್ನೂ ಕಷ್ಟ. ನೆಕ್ ನೆಟ್ಟಗಾಗಿದೆ, ಆಕ್ಷನ್ ಇಳಿದಿದೆ, ಆದರೂ ಮೊದಲ ಫ್ರೆಟ್‌ನಲ್ಲಿ ಅದೇ ಹಠ. ಹಾಗಾದರೆ ನಟ್ ನೋಡಬೇಕು. ಹೆಡ್‌ಸ್ಟಾಕ್ ಬುಡದಲ್ಲಿ ತಂತಿಗಳು ಹಾದುಹೋಗುವ ಬಿಳಿ ಪಟ್ಟಿ ಇದೆಯಲ್ಲ, ಅದೇ ನಟ್. ಎರಡು, ಮೂರನೇ ಫ್ರೆಟ್ ನಡುವೆ ತಂತಿ ಒತ್ತಿ, ಮೊದಲ ಫ್ರೆಟ್ ಮೇಲೆ ಎಷ್ಟು ಸಂದು ಉಳಿಯುತ್ತದೆ ನೋಡಿದೆ. ಒಂದು ಕೂದಲಿನಷ್ಟು ಇರಬೇಕಿತ್ತು. ನನ್ನದರಲ್ಲಿ ವಿಸಿಟಿಂಗ್ ಕಾರ್ಡ್ ತೂರಿಸಿದೆ, ಆರಾಮಾಗಿ ಹೋಯಿತು. ಮಡಿಸಿ ತೂರಿಸಿದೆ, ಆಗಲೂ ಹೋಯಿತು.

ಮೂರು ವರ್ಷ ನನ್ನ ಬೆರಳಿಗೆ ಬೈದಿದ್ದೆ. ನೆಲವೇ ಡೊಂಕಾಗಿತ್ತು ಕಣ್ರೀ!

ಬೆರಳು ಅಂದಾಗ ಟೋನಿ ಅಯೋಮಿ ನೆನಪಾಗುತ್ತಾರೆ. ಬ್ಲ್ಯಾಕ್ ಸಬ್ಬತ್ ಬ್ಯಾಂಡ್‌ನ ಗಿಟಾರಿಗ. 17ನೇ ವಯಸ್ಸಿನಲ್ಲಿ, ಬರ್ಮಿಂಗ್‌ಹ್ಯಾಮ್‌ನ ಲೋಹದ ತಗಡಿನ ಕಾರ್ಖಾನೆಯಲ್ಲಿ ಅದು ಅವರ ಕೆಲಸದ ಕೊನೆಯ ದಿನ. ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ಅವರು ಎಡಚರು. ಹಾಗಾಗಿ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ಒತ್ತಲು ಹಗುರವಾಗಲಿ ಅಂತ ಬ್ಯಾಂಜೊದ ತೆಳು ತಂತಿ ಹಾಕಿಕೊಂಡರು. 1971ರ ಆಲ್ಬಂ ಹೊತ್ತಿಗೆ ಕೆಲವು ಹಾಡುಗಳಿಗೆ ಶ್ರುತಿಯನ್ನೇ ಮೂರು ಸ್ವರಸ್ಥಾನ ಕೆಳಗಿಳಿಸಿ ತಂತಿ ಸಡಿಲ ಮಾಡಿದರು. ಹೆವಿ ಮೆಟಲ್‌ನ ಆ ಭಾರದ ಸದ್ದಿಗೆ ಆ ಸಡಿಲವೂ ಒಂದು ಕಾರಣ. ಗಿಟಾರ್ ಅನ್ನು ಬೆರಳಿಗೆ ತಕ್ಕ ಹಾಗೆ ಬದಲಿಸಬಹುದು ಅನ್ನೋದು ನನ್ನ ತಲೆಗೆ ಆಗ ಹೊಳೆದೇ ಇರಲಿಲ್ಲ.

ದಿನ 9

ನಟ್‌ನಲ್ಲಿ ತಂತಿ ಕೂರುವ ಸೀಳುಗಳನ್ನು ಸಣ್ಣ ಗುಂಡನೆಯ ಅರದಿಂದ ಉಜ್ಜಿದೆ. ನಾಲ್ಕು ಸಲ ಉಜ್ಜು, ತಂತಿ ಕೂರಿಸು, ನೋಡು, ಮತ್ತೆ ಎತ್ತು. ಐದು ತಂತಿ ಹೀಗೆ ತಾಳ್ಮೆಯಿಂದ ಮಾಡಿದವನು ಕೊನೆಗೆ ಉಳಿದ ಎರಡನೇ ತಂತಿಗೆ ಅವಸರ ಮಾಡಿದೆ. ಜಾಸ್ತಿ ಇಳಿದುಬಿಟ್ಟಿತು. ಬಿಟ್ಟ ತಂತಿ ಮೀಟಿದರೆ ಸಿತಾರದ ಹಾಗೆ ಝೇಂಕಾರ. ಬೇರೆ ಕಡೆ ಇಂಪಾಗಿರುತ್ತಿತ್ತೋ ಏನೋ.

ಸೀಳಿಗೆ ಚೂರು ಸೋಡಾಪುಡಿ ತುಂಬಿ ಮೇಲೆ ಒಂದು ಹನಿ ಸೂಪರ್ ಗ್ಲೂ ಬಿಟ್ಟೆ. ತಕ್ಷಣ ಬಿಸಿಯಾಗಿ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಹತ್ತಿರ ಬಗ್ಗಿ ನೋಡಬೇಡಿ, ಕಣ್ಣು ಉರಿಯುತ್ತದೆ. ಅದನ್ನೇ ಮತ್ತೆ ಉಜ್ಜಿ ಸರಿ ಮಾಡಿದೆ.

ರಾತ್ರಿ ಎಫ್ ಕಾರ್ಡ್ ಹಾಕಿದೆ. ಆರೂ ತಂತಿ ನುಡಿದವು. ಮೊದಲನೇ ಸಲಕ್ಕೇ. ಸುಮ್ನೆ ಹತ್ತು ನಿಮಿಷ ಅದೊಂದನ್ನೇ ಹೊಡೆಯುತ್ತಾ ಕೂತೆ.

ದಿನ 15

ಕರೆಂಟಿನ ಕೆಲಸ. ಆಂಪ್ಲಿಫೈಯರ್‌ಗೆ ಸಿಕ್ಕಿಸಿದರೆ ಗುಂಯ್ ಅಂತ ಒಂದೇ ಸಮ ಸದ್ದು. ಸಿಂಗಲ್ ಕಾಯಿಲ್ ಪಿಕಪ್ ಅಂದರೆ ಅಯಸ್ಕಾಂತಗಳ ಸುತ್ತ ಸುತ್ತಿದ ಸಾವಿರಾರು ಸುತ್ತು ತೆಳು ತಾಮ್ರದ ತಂತಿ. ಅದು ಗಿಟಾರ್ ತಂತಿಯ ಕಂಪನವನ್ನೂ ಹಿಡಿಯುತ್ತದೆ, ಮನೆಯ ವೈರಿಂಗ್‌ನ ಗುಂಯ್‌ಕಾರವನ್ನೂ ಹಿಡಿಯುತ್ತದೆ. 1955ರಲ್ಲಿ ಗಿಬ್ಸನ್ ಗಿಟಾರ್ ಕಂಪನಿಯ ಸೇತ್ ಲವರ್ ಎರಡು ಕಾಯಿಲ್‌ಗಳನ್ನು ಒಂದಕ್ಕೊಂದು ಉಲ್ಟಾ ಜೋಡಿಸಿ, ಈ ಸದ್ದು ತನ್ನನ್ನು ತಾನೇ ಕೊಂದುಕೊಳ್ಳುವ ಹಾಗೆ ಮಾಡಿದರು. ಅದೇ ಹಂಬಕರ್. ಜಾಣತನ ಒಪ್ಪುತ್ತೇನೆ. ಆದರೂ ನನ್ನ ಕಿವಿಗೆ ಸಿಂಗಲ್ ಕಾಯಿಲ್‌ನ ಆ ಗಾಜಿನಂಥ ಚುರುಕೇ ಇಷ್ಟ. ಅದಕ್ಕೆ ಗುಂಯ್ ಅನ್ನೋದು ಬಾಡಿಗೆ ಅಂದುಕೊಂಡಿದ್ದೇನೆ.

ಆದರೆ ಇದು ಮಾಮೂಲಿ ಗುಂಯ್ ಅಲ್ಲ. ಸಾಮಾನ್ಯವಾಗಿ ಕೈ ತಂತಿಗೆ ತಾಗಿದೊಡನೆ ಸದ್ದು ತಗ್ಗಬೇಕು. ಇಲ್ಲಿ ತಗ್ಗಲೇ ಇಲ್ಲ. ಹಿಂದಿನ ಮುಚ್ಚಳ ಬಿಚ್ಚಿದರೆ ಕಳ್ಳ ಸಿಕ್ಕ. ಸ್ವರ ಅಲುಗಿಸುವ ಟ್ರೆಮೊಲೊದ ಸ್ಪ್ರಿಂಗ್‌ಗಳು ಸಿಕ್ಕಿಕೊಳ್ಳುವ ಲೋಹದ ಕೊಕ್ಕೆಗೆ ಒಂದು ಅರ್ತ್ ವೈರ್ ಬೆಸೆದಿರುತ್ತಾರೆ. ಅದು ಕಿತ್ತು ನೇತಾಡುತ್ತಿತ್ತು.

ಬೆಸೆಯೋದು ಐದು ನಿಮಿಷದ ಕೆಲಸ ಅಂದುಕೊಂಡೆ. ಒಂದೂವರೆ ಗಂಟೆ ಆಯಿತು. ಕೊಕ್ಕೆ ದಪ್ಪ ಲೋಹ, ನನ್ನ 25 ವ್ಯಾಟ್ ಸಾಲ್ಡರಿಂಗ್ ಐರನ್‌ನ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. ಸೀಸ ಮುದ್ದೆಯಾಗಿ ಕೂತು, ಆರಿದ ಮೇಲೆ ಉಗುರಿಂದ ಮುಟ್ಟಿದರೆ ಪಟ್ ಅಂತ ಉದುರುತ್ತದೆ. ಮೂರು ಸಲ ಹಾಗಾಯಿತು. ಕೊನೆಗೆ ಮರಳುಕಾಗದದಿಂದ ಕೊಕ್ಕೆಯನ್ನು ಹೊಳೆಯುವಂತೆ ಉಜ್ಜಿ, 60 ವ್ಯಾಟ್‌ನದು ಕಡ ತಂದು, ಮೊದಲು ಲೋಹ ಕಾಯಿಸಿ ಆಮೇಲೆ ಸೀಸ ಮುಟ್ಟಿಸಿದೆ. ಸೀಸ ನೀರಿನ ಹಾಗೆ ಹರಿದು ಕನ್ನಡಿಯಂತೆ ಹೊಳೆಯಿತು. ಹಾಗೆ ಹೊಳೆದರೆ ಹಿಡಿದಿದೆ ಅಂತ ಲೆಕ್ಕ.

ಮೂರು ಸ್ಪ್ರಿಂಗ್ ವಾಪಸ್ ಸಿಕ್ಕಿಸಲು ಒದ್ದಾಡುವಾಗ ಕ್ವೀನ್ ಬ್ಯಾಂಡ್‌ನ ಗಿಟಾರಿಗ ಬ್ರಯಾನ್ ಮೇ ನೆನಪಾಗಿ ನಾಚಿಕೆಯಾಯಿತು. ಆ ಬ್ಯಾಂಡ್ ಹುಟ್ಟುವ ಮೊದಲೇ, 1963ರಲ್ಲಿ, ಆತ ಹುಡುಗ. ಅಪ್ಪನ ಜೊತೆ ಸೇರಿ ಇಡೀ ಗಿಟಾರನ್ನೇ ಮಾಡಲು ಕೂತರು. ನೆಕ್‌ಗೆ ಹಳೆಯ ಬೆಂಕಿಗೂಡಿನ ಮರ, ಟ್ರೆಮೊಲೊಗೆ ಮೋಟಾರ್‌ಸೈಕಲ್ ವಾಲ್ವ್ ಸ್ಪ್ರಿಂಗ್, ಫ್ರೆಟ್‌ಬೋರ್ಡ್‌ನ ಚುಕ್ಕಿಗಳಿಗೆ ಅಮ್ಮನ ಮುತ್ತಿನ ಚಿಪ್ಪಿನ ಗುಂಡಿಗಳು. ರೆಡ್ ಸ್ಪೆಷಲ್ ಅಂತ ಅದರ ಹೆಸರು, ಆಮೇಲೆ ಹೆಚ್ಚಾಗಿ ಅದನ್ನೇ ನುಡಿಸುತ್ತಾ ಬಂದಿದ್ದಾರೆ. ನನಗೆ ಮೂರು ಸ್ಪ್ರಿಂಗ್‌ಗೇ ಸುಸ್ತು.

ದಿನ 16

ಮೂರನೇ ತಂತಿ. ಗಿಟಾರ್ ಹಿಡಿದವರಿಗೆಲ್ಲ ಗೊತ್ತಿರುವ ತಲೆನೋವು ಅಲ್ವಾ?

ಒಂದು ಭಾಗ ಸರಿಹೋಯಿತು. ಶ್ರುತಿ ಏರಿಸುವಾಗ ಟಿಂಕ್ ಅಂತ ಸದ್ದಾಗಿ ಒಮ್ಮೆಲೇ ಮೇಲಕ್ಕೆ ಹಾರುತ್ತಿತ್ತು. ಬೆಂಡ್ ಮಾಡಿ, ಅಂದರೆ ತಂತಿಯನ್ನು ಬೆರಳಲ್ಲಿ ಪಕ್ಕಕ್ಕೆ ಎಳೆದು, ಬಿಟ್ಟರೆ ಶ್ರುತಿ ಇಳಿದಿರುತ್ತಿತ್ತು. ಶ್ರುತಿ ಮಾಡುವ ಕೀಲಿ ಸವೆದಿದೆ ಅಂದುಕೊಂಡು ಹೊಸದು ತರಿಸಲು ಹೊರಟಿದ್ದೆ. ಕೀಲಿ ತಪ್ಪಲ್ಲ, ನಟ್‌ನ ಸೀಳು ತಂತಿಯನ್ನು ಕಚ್ಚಿ ಹಿಡಿಯುತ್ತಿತ್ತು. ಚೂರು ಅಗಲ ಮಾಡಿ ಪೆನ್ಸಿಲ್ ಸೀಸ ಗೀಚಿದೆ. ಮುಗಿಯಿತು.

ಇನ್ನೊಂದು ಭಾಗ ಸರಿಹೋಗಲಿಲ್ಲ. ಟ್ಯೂನರ್ ಹಸಿರು ದೀಪ ತೋರಿಸುತ್ತದೆ, ಇಂಟೊನೇಷನ್, ಅಂದರೆ ಮೇಲಿನ ಫ್ರೆಟ್‌ಗಳಲ್ಲೂ ಶ್ರುತಿ ಕೂಡುವುದು, ಸರಿಯಿದೆ. ಆದರೂ ತೆರೆದ ಇ ಕಾರ್ಡ್‌ನಲ್ಲಿ ಆ ತಂತಿ ನುಡಿಸುವ ಗಾಂಧಾರವೊಂದೇ ಕಿವಿಗೆ ಚುಚ್ಚುತ್ತದೆ. ಇಲ್ಲಿ ಡೊಂಕು ನೆಲದ್ದೂ ಅಲ್ಲ, ನನ್ನದೂ ಅಲ್ಲ. ಫ್ರೆಟ್‌ಗಳು ಸಪ್ತಕವನ್ನು ಹನ್ನೆರಡು ಸಮ ಪಾಲು ಮಾಡುತ್ತವೆ. ನಮ್ಮ ಕಿವಿ ಶುದ್ಧ ಅನ್ನುವ ಗಾಂಧಾರ ಆ ಪಾಲಿನಲ್ಲಿ ಸಿಗೋದಿಲ್ಲ. ಸೆಂಟ್ ಲೆಕ್ಕದಲ್ಲಿ, ಅಂದರೆ ಒಂದು ಸ್ವರಸ್ಥಾನಕ್ಕೆ ನೂರು ಅಂದರೆ, ಫ್ರೆಟ್‌ನ ಗಾಂಧಾರ 14 ಸೆಂಟ್ ಹೆಚ್ಚು. ತಂಬೂರಿ ಶ್ರುತಿ ಕೇಳಿದ ಕಿವಿಗೆ ಅದು ಬೇಗ ಗೊತ್ತಾಗುತ್ತದೆ. ಪಂಚಮ ಮಾತ್ರ ಎರಡೇ ಸೆಂಟ್ ಕಡಿಮೆ. ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಹಾಕಿದರೆ ಗಾಂಧಾರದ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ರಾಕ್‌ನವರು ಗಾಂಧಾರ ಬಿಟ್ಟು ಬರೀ ಷಡ್ಜ, ಪಂಚಮ ಹಿಡಿದು ಪವರ್ ಕಾರ್ಡ್ ಹೊಡೆಯುವುದರ ಹಿಂದೆ ಇದೂ ಇದೆ. ನಾನು ಮೂರನೇ ತಂತಿಯನ್ನು ಒಂದೆಳೆ ಇಳಿಸಿಟ್ಟುಕೊಂಡಿದ್ದೇನೆ. ಬೇರೆ ಕಾರ್ಡ್‌ಗಳಲ್ಲಿ ಅದರ ಸಾಲ ತೀರಿಸುತ್ತೇನೆ.

ದಿನ 22

ಇವತ್ತು ರಿಪೇರಿ ಕಡಿಮೆ, ನೆನಪು ಜಾಸ್ತಿ.

ಹೈಸ್ಕೂಲಿನಲ್ಲಿ ಅಣ್ಣನ ಕ್ಯಾಸೆಟ್ ಪ್ಲೇಯರ್‌ನಲ್ಲಿ ಅಮೆರಿಕದ ಗಿಟಾರಿಗ ಜಿಮಿ ಹೆಂಡ್ರಿಕ್ಸ್ ಕೇಳಿದ್ದೆ. 1967ರ ಎರಡನೇ ಆಲ್ಬಂ. ಬಲಗೈಯವರ ಸ್ಟ್ರಾಟೊಕ್ಯಾಸ್ಟರ್ ಅನ್ನು ತಿರುವಿ ಹಾಕಿಕೊಂಡು ಎಡಗೈಯಲ್ಲಿ ನುಡಿಸುವ ಮನುಷ್ಯ ಅಂತ ಫೋಟೋ ನೋಡಿ ಗೊತ್ತಿತ್ತು. ಅದರಲ್ಲಿ ‘ಲಿಟಲ್ ವಿಂಗ್’ ಶುರುವಿನ ತುಣುಕನ್ನು ಕಲಿಯಲೇಬೇಕು ಅಂತ ಹಠ. ಗೆಳೆಯನ ಗಿಟಾರ್ ಕಡ ತಂದು ಕ್ಯಾಸೆಟ್ ಜೊತೆ ನುಡಿಸಿದರೆ ಒಂದು ಸ್ವರವೂ ಸೇರುತ್ತಿರಲಿಲ್ಲ. ಕ್ಯಾಸೆಟ್ ಸರಿಯಾಗಿ ಅರ್ಧ ಸ್ವರ ಕೆಳಗಿತ್ತು. ಪ್ಲೇಯರ್ ನಿಧಾನ ಓಡುತ್ತಿದೆ ಅಂತ ತೀರ್ಮಾನ ಮಾಡಿದೆ. ಮೋಟಾರ್ ಹಿಂಭಾಗದಲ್ಲಿ ಒಂದು ಪುಟ್ಟ ತೂತು, ಒಳಗೆ ವೇಗ ಹೊಂದಿಸುವ ಸ್ಕ್ರೂ. ಮೊದಲಿನ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಕನ್ನಡಕ ರಿಪೇರಿಯ ಸ್ಕ್ರೂಡ್ರೈವರ್‌ನಿಂದ ತಿರುಗಿಸಿದೆ. ಹೆಂಡ್ರಿಕ್ಸ್ ನನ್ನ ಗಿಟಾರ್‌ಗೆ ಸರಿಹೊಂದಿದ.

ಸಂಜೆ ಅಣ್ಣ ತನ್ನ ಕ್ಯಾಸೆಟ್ ಹಾಕಿದ. ಗಾಯಕರೆಲ್ಲ ಮೂಗು ಹಿಡಿದುಕೊಂಡು ಅವಸರದಲ್ಲಿ ಹಾಡುತ್ತಿದ್ದರು.

“ಏನೋ ಮಾಡಿದೀಯ ಇದಕ್ಕೆ?”

“ಏನೂ ಇಲ್ಲಣ್ಣ. ಬ್ಯಾಟರಿ ಹೊಸದಲ್ವಾ, ಅದಕ್ಕೇ.”

ಅಣ್ಣ ನಂಬಿದ. ಅರ್ಧ ಸ್ವರ ಅಂದರೆ ಆರು ಪರ್ಸೆಂಟ್ ವೇಗ. ಕೆಲವು ದಿನಕ್ಕೆ ಮನೆಯವರ ಕಿವಿಯೇ ಅದಕ್ಕೆ ಹೊಂದಿಕೊಂಡಿತು.

ಹೆಂಡ್ರಿಕ್ಸ್ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿಯೇ ಆ ಹಾಡು ನುಡಿಸಿದ್ದು ಅಂತ ಗೊತ್ತಾಗಲು ನನಗೆ ಎಷ್ಟೋ ವರ್ಷ ಬೇಕಾಯಿತು. ಪ್ಲೇಯರ್ ಸರಿಯಾಗೇ ಇತ್ತು ಪಾಪ.

ಇವತ್ತು ನನ್ನ ಗಿಟಾರನ್ನೂ ಅರ್ಧ ಸ್ವರ ಇಳಿಸಿದೆ. ಸುಲಭ ಅಂದುಕೊಳ್ಳಬೇಡಿ. ತಂತಿಗಳ ಎಳೆತ ಹತ್ತು ಪರ್ಸೆಂಟ್‌ಗೂ ಹೆಚ್ಚು ತಗ್ಗುತ್ತದೆ. ಸ್ಪ್ರಿಂಗ್‌ಗಳು ಗೆದ್ದು ಬ್ರಿಡ್ಜ್ ಹಿಂದಕ್ಕೆ ಮಲಗುತ್ತದೆ. ಕೊಕ್ಕೆಯ ಎರಡು ಸ್ಕ್ರೂ ಒಂದೊಂದು ಸುತ್ತು ಸಡಿಲಿಸಿ, ಟ್ರಸ್ ರಾಡ್ ಚೂರು ಬಿಟ್ಟು, ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆದು. ಎರಡು ಗಂಟೆ. ಬೆಂಡ್ ಈಗ ಬೆಣ್ಣೆ. ಶುರುವಿನ ತುಣುಕು ಮುಕ್ಕಾಲು ಪಾಲು ಬರುತ್ತಿದೆ.

ಬಾಕಿ ಇರೋದು: ಹದಿನಾಲ್ಕನೇ ಫ್ರೆಟ್ ಎದ್ದಿದೆ, ತಟ್ಟಿ ಕೂರಿಸಬೇಕು. ಟೋನ್ ಪಾಟ್, ಅಂದರೆ ಟೋನ್ ಬದಲಿಸುವ ತಿರುಗುಗುಂಡಿ, ಕರಕರ ಅನ್ನುತ್ತದೆ.

ಅಟ್ಟದಿಂದ ಆ ಕ್ಯಾಸೆಟ್ ಪ್ಲೇಯರನ್ನೂ ಇಳಿಸಿದೆ. ರಬ್ಬರ್ ಬೆಲ್ಟ್ ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿದೆ. ಒರೆಸುವಾಗ ಮೋಟಾರ್ ಹಿಂದೆ ಟಾರ್ಚ್ ಹಿಡಿದೆ. ಪೆನ್ಸಿಲ್ ಗುರುತು ಹಾಗೇ ಇದೆ. ಸ್ಕ್ರೂ ಅದರ ಎಡಕ್ಕೆ, ನಾನು ಬಿಟ್ಟ ಜಾಗದಲ್ಲೇ ಇದೆ.